ಪದಚರ್ಚೆ: ಮಾತ್ರೆಯ ಮಾಹಿತಿಯಲ್ಲಿ ‘ಹೃದಯ ವೈಫಲ್ಯ’ ಅಂತ ಬರೆದರೆ ತಿಳಿಯುತ್ತದಾ?

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಮಾತ್ರೆಯ ಬಗ್ಗೆ ರೋಗಿಗಳು ತಾವೇ ಓದಿಕೊಳ್ಳುವಂಥ ಒಂದು ಪುಟ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು ವಿಷಯ ಹೇಳುತ್ತೇನೆ. ಇನ್ಸುಲಿನ್ ಮೈಗೆ ಸರಿಯಾಗಿ ಹತ್ತುವಂತೆ ಮಾಡುವುದು ಈ ಮಾತ್ರೆಯ ಕೆಲಸ. ಆದರೆ ಅದರ ಜೊತೆಗೇ ಕಿಡ್ನಿಗಳು ಉಪ್ಪು, ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುವಂತೆಯೂ ಮಾಡುತ್ತದೆ. ಹಾಗಾಗಿ ಕೆಲವರಿಗೆ ಕಾಲು ಬಾತುಕೊಳ್ಳುತ್ತದೆ, ತೂಕ ಏರುತ್ತದೆ. ಇನ್ಸುಲಿನ್ ಕೂಡ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಹೃದಯ ಮೊದಲೇ ಸೊರಗಿದ್ದರೆ ಆ ನೀರಿನ ಹೊರೆಯನ್ನು ಅದು ತಡೆಯುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ 2007ರಿಂದ ಈ ಮಾತ್ರೆಯ ಮಾಹಿತಿಯಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆ ಇದೆ.

ಈ ಎಚ್ಚರಿಕೆಯನ್ನು ಕನ್ನಡದಲ್ಲಿ ‘ಹೃದಯ ವೈಫಲ್ಯ’ ಎಂದು ಬರೆಯುವುದು ರೂಢಿ. ನನ್ನ ತಕರಾರು ಇಲ್ಲೇ. ‘ಹಾರ್ಟ್ ಫೇಲ್ ಆಯ್ತು’ ಅಂದರೆ ನಮ್ಮ ಮಾತಿನಲ್ಲಿ ಮನುಷ್ಯ ಹೋಗಿಬಿಟ್ಟ ಅಂತಲೇ ಅರ್ಥ, ಅಲ್ವಾ? ‘ವೈಫಲ್ಯ’ ಓದಿದವರಿಗೂ ಅದೇ ತಲೆಗೆ ಬರುತ್ತದೆ. ಆದರೆ ಇಲ್ಲಿ ಹೃದಯ ನಿಂತಿರುವುದಿಲ್ಲ, ರಕ್ತ ತಳ್ಳುವ ಬಲ ಕುಗ್ಗಿರುತ್ತದೆ. ಅದು ದಿನಗಟ್ಟಲೆ, ವಾರಗಟ್ಟಲೆ ಸಣ್ಣ ಸಣ್ಣ ಗುರುತು ತೋರಿಸುತ್ತಾ ಬರಬಹುದು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ, ಚಪ್ಪಲಿ ಬಿಗಿಯಾಗುತ್ತದೆ, ಮಲಗಿದರೆ ಉಸಿರು ಕಟ್ಟಿದಂತಾಗಿ ಇನ್ನೊಂದು ದಿಂಬು ಬೇಕೆನಿಸುತ್ತದೆ. ಇದೇ ಆ ಕಾಯಿಲೆ ಎಂದು ಓದುವವರಿಗೆ ಹೊಳೆಯದಿದ್ದರೆ ಎಚ್ಚರಿಕೆ ಬರೆದು ಏನು ಬಂತು? ಕಾಲು ಊದಿದ್ದಕ್ಕೂ ಹೃದಯಕ್ಕೂ ಏನು ಸಂಬಂಧ ಅಂತ ಸುಮ್ನೆ ಇದ್ದುಬಿಡುತ್ತಾರೆ.

‘ಕೈಕಾಲು ಸೋತು ಬಂತು’ ಅನ್ನುತ್ತೇವಲ್ಲ, ಹಾಗೆ ‘ಹೃದಯ ಸೋಲುವುದು’ ಅನ್ನಬಹುದಾ ಎಂದು ಯೋಚಿಸಿದೆ. ಅರ್ಥಕ್ಕೆ ಬಹಳ ಹತ್ತಿರ. ಆದರೆ ‘ಮನಸೋತ’ ಪಕ್ಕದಲ್ಲೇ ಇರುವುದರಿಂದ ಪ್ರೇಮದ ಮಾತಿನಂತೆ ಕೇಳಿಸುತ್ತದೆ. ‘ಹೃದಯದ ಬಲ ಕುಗ್ಗುವುದು’ ಸದ್ಯಕ್ಕೆ ನನಗೆ ಒಪ್ಪಿಗೆಯಾಗಿದೆ.

ಎರಡನೆಯದು ‘ಮೂತ್ರಕೋಶ’. ಈ ಮಾತ್ರೆಯನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡರೆ ಮೂತ್ರ ಶೇಖರವಾಗುವ ಚೀಲದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚಬಹುದು ಎಂಬ ಎಚ್ಚರಿಕೆ 2011ರಲ್ಲಿ ಬಂತು. ಆ ವರ್ಷವೇ ಫ್ರಾನ್ಸ್ ಇದರ ಬಳಕೆ ನಿಲ್ಲಿಸಿತು. ಭಾರತ 2013ರ ಜೂನ್‌ನಲ್ಲಿ ತಡೆಹಿಡಿದು, ಜುಲೈ ಕೊನೆಗೆ ಎಚ್ಚರಿಕೆಯೊಂದಿಗೆ ಮತ್ತೆ ಬಿಟ್ಟಿತು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ, ಆದರೂ ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬಾರದು. ತೊಂದರೆ ಏನೆಂದರೆ ‘ಮೂತ್ರಕೋಶ’ವನ್ನು ಕಿಡ್ನಿಗೂ ಬಳಸುತ್ತಾರೆ, ಈ ಚೀಲಕ್ಕೂ ಬಳಸುತ್ತಾರೆ. ನಾನು ‘ಮೂತ್ರಚೀಲ’ ಎಂದೇ ಬರೆಯುತ್ತೇನೆ. ಯಾರಿಗಾದರೂ ಅಡ್ಡಿ ಇದೆಯಾ?

ಮೂಳೆಯದ್ದು ಸುಲಭ. ಈ ಮಾತ್ರೆಯಿಂದ, ಮುಖ್ಯವಾಗಿ ಹೆಂಗಸರಲ್ಲಿ, ಮೂಳೆ ಮುರಿಯುವುದು ಹೆಚ್ಚು. ‘ಮೂಳೆ ಸವೆತ’ ಅಂದರೆ ಮಂಡಿನೋವು ಅಂದುಕೊಳ್ಳುತ್ತಾರೆ, ಹಾಗಾಗಿ ‘ಮೂಳೆ ಬೇಗ ಮುರಿಯಬಹುದು’ ಅಂತ ನೇರವಾಗಿ ಹೇಳಿದರೆ ಆಯಿತು.

ಕೊನೆಯದಾಗಿ ‘ಅಡ್ಡ ಪರಿಣಾಮ’. ಪದ ಚೆನ್ನಾಗಿದೆ, ಎಲ್ಲರಿಗೂ ಗೊತ್ತು. ಆದರೆ ಸ್ವಲ್ಪ ತೂಕ ಏರುವುದನ್ನೂ ಉಸಿರು ಕಟ್ಟುವುದನ್ನೂ ಒಂದೇ ಪದದ ಕೆಳಗೆ ಸಾಲಾಗಿ ಬರೆದರೆ ಎರಡೂ ಒಂದೇ ತೂಕದವಾಗಿ ಕಾಣುತ್ತವೆ. ಮೊದಲನೆಯದಕ್ಕೆ ‘ಅಡ್ಡ ಪರಿಣಾಮ’ ಇರಲಿ, ಎರಡನೆಯದಕ್ಕೆ ‘ಕೂಡಲೇ ಡಾಕ್ಟರಿಗೆ ಹೇಳಬೇಕಾದದ್ದು’ ಎಂದು ಬೇರೆ ತಲೆಬರಹ ಕೊಡೋಣ ಅಂತಿದ್ದೇನೆ. ‘ಅಪಾಯ’ ಅಂತ ದೊಡ್ಡದಾಗಿ ಬರೆಯಲು ಮನಸ್ಸಿಲ್ಲ. ಅದನ್ನು ನೋಡಿ ಹೆದರಿ ಯಾರನ್ನೂ ಕೇಳದೆ ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ, ಅದೂ ತೊಂದರೆಯೇ.

ನಿಮ್ಮ ಮನೆಯಲ್ಲಿ ಹಿರಿಯರು ಇಂಥ ಕಾಲು ಬಾವಿಗೆ ಏನನ್ನುತ್ತಾರೆ? ಊತ, ಬಾವು, ನೀರು ತುಂಬಿದೆ, ಬಾತಿದೆ, ಇವುಗಳಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಎಂದು ತಿಳಿಸಿ. ‘ಬಾವು’ ಅಂದರೆ ಕೀವು ತುಂಬಿದ ಗಾಯ ಅನ್ನುವವರೂ ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.