ಎರಡು ರಾಟೆ ಹಾಕಿದರೆ 60 ಕೆ.ಜಿ. ಆಗಬೇಕಿತ್ತಲ್ಲ, ತಕ್ಕಡಿ 70 ತೋರಿಸುವುದೇಕೆ?

ಗಟ್ಟಿಹಗ್ಗ (ಪ್ರಶ್ನೆ)

120 ಕೆ.ಜಿ. ತೂಕದ ಎಂಜಿನ್ ಒಂದನ್ನು 1 ಮೀಟರ್ ಎತ್ತರದ ಕಟ್ಟೆಯ ಮೇಲೆ ಕೂರಿಸಬೇಕು. ಇರುವುದು ಇಬ್ಬರೇ, ಕ್ರೇನ್ ಬರಲು ಜಾಗವಿಲ್ಲ. ಮೇಲೆ ಒಂದು ಮರದ ತೊಲೆ ಇದೆ. ಸಾಮಾನು ಅಂದರೆ ಎರಡು ರಾಟೆ, 12 ಮಿ.ಮೀ. ಹಗ್ಗ, 3 ಮೀಟರ್ ಉದ್ದದ ಎರಡು ಹಲಗೆ, ಒಂದು ಹಾರೆ, ಕೆಲವು ಕಬ್ಬಿಣದ ಪೈಪ್ ತುಂಡು.

ಒಂದು ರಾಟೆ ತೊಲೆಗೆ, ಇನ್ನೊಂದು ಎಂಜಿನ್ನಿಗೆ. ಹಗ್ಗದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ 70ರ ಆಸುಪಾಸು ತೋರಿಸುತ್ತದೆ. ಪುಸ್ತಕದ ಪ್ರಕಾರ ಭಾರ ಅರ್ಧ, ಅಂದರೆ 60 ಆಗಬೇಕು. ಲೆಕ್ಕ ತಪ್ಪೋ, ಕಟ್ಟಿದ್ದು ತಪ್ಪೋ? ಇನ್ನೊಂದು: ಸರಳ ಯಂತ್ರಗಳು ಕೆಲಸವನ್ನು ಕಡಿಮೆ ಮಾಡುವುದಿಲ್ಲ ಅಂತ ಅದೇ ಪುಸ್ತಕ ಹೇಳುತ್ತದೆ. ಹಾಗಾದರೆ ಸುಲಭವಾಗುವುದು ಏನು? ರಾಟೆ ಹೆಚ್ಚಿಸಬೇಕೋ, ಹಲಗೆ ಹಾಕಿ ಏರಿಸಬೇಕೋ?

---

ಕಪ್ಪಿಗಾಲಿ

ಲೆಕ್ಕವೂ ಸರಿ, ಕಟ್ಟಿದ್ದೂ ಸರಿ. ನಡುವೆ ಘರ್ಷಣೆ ತನ್ನ ಪಾಲು ತೆಗೆದುಕೊಂಡಿದೆ, ಅಷ್ಟೇ.

ಬೇರಿಂಗ್ ಇಲ್ಲದ, ಬರೀ ಬುಷ್ (ಅಚ್ಚಿನ ಸುತ್ತಲಿನ ಕೊಳವೆ) ಇರುವ ರಾಟೆಯ ಮೇಲೆ ಹಗ್ಗ ಹೊರಳುವಾಗ ಸುಮಾರು 10ರಲ್ಲಿ 1 ಪಾಲು ಬಲ ಅಲ್ಲೇ ಕರಗುತ್ತದೆ. ನೀವು 70 ಕೆ.ಜಿ. ಬಲದಿಂದ ಎಳೆದರೆ ತೊಲೆಯ ರಾಟೆ ದಾಟಿದ ಹಗ್ಗದಲ್ಲಿ ಉಳಿಯುವುದು 63. ಅದು ಕೆಳಗಿನ ರಾಟೆಯನ್ನೂ ಸುತ್ತಿ ಬಂದಾಗ 57. ಎಂಜಿನ್ನನ್ನು ಹೊತ್ತಿರುವುದು ಈ ಎರಡು ಸಾಲು. 63ಕ್ಕೆ 57 ಸೇರಿಸಿ, 120 ಬಂತು. ತಕ್ಕಡಿ ನಿಜವನ್ನೇ ಹೇಳಿದೆ.

ಅನುಮಾನವಿದ್ದರೆ ಎಂಜಿನ್ನನ್ನು ನಿಧಾನವಾಗಿ ಇಳಿಸುತ್ತಾ ತಕ್ಕಡಿ ನೋಡಿ. 51ರ ಹತ್ತಿರ ಬರುತ್ತದೆ. ಏರಿಸುವಾಗ ನಿಮಗೆ ಎದುರಾದ ಘರ್ಷಣೆ ಇಳಿಸುವಾಗ ನಿಮ್ಮ ಪರವಾಗಿ ಹಿಡಿದುಕೊಳ್ಳುತ್ತದೆ. ಏರಿಸುವ ಮತ್ತು ಇಳಿಸುವ ಅಂಕಿಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ರಾಟೆ ಕೆಟ್ಟದ್ದು. ರಾಟೆಗೆ ಎಣ್ಣೆ ಬೇಕೋ, ಬೇರೆ ರಾಟೆಯೇ ಬೇಕೋ ಅಂತ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಎರಡನೇ ಪ್ರಶ್ನೆಗೆ ಬರೋಣ. 120 ಕೆ.ಜಿ.ಯನ್ನು 1 ಮೀಟರ್ ಎತ್ತಲು ಬೇಕಾದ ಕೆಲಸ ಸುಮಾರು 1176 ಜೂಲ್. ಇದರಲ್ಲಿ ಒಂದು ಜೂಲ್ ಕೂಡ ರಿಯಾಯಿತಿ ಸಿಗುವುದಿಲ್ಲ. ಆದರೆ ಅದನ್ನು ಒಂದೇ ಗುಕ್ಕಿಗೆ ಕೊಡಬೇಕೋ, ಕಂತಿನಲ್ಲಿ ಕೊಡಬಹುದೋ ಅನ್ನುವುದು ನಿಮ್ಮ ಕೈಯಲ್ಲಿದೆ. ಎರಡು ಸಾಲಿನ ಕಟ್ಟಿನಲ್ಲಿ 1 ಮೀಟರ್ ಏರಿಸಲು 2 ಮೀಟರ್ ಹಗ್ಗ ಎಳೆಯಬೇಕು, ನಾಲ್ಕು ಸಾಲಿನಲ್ಲಿ 4 ಮೀಟರ್. ನಮ್ಮ ಮೈ ಜೂಲ್‌ಗೆ ಸೋಲುವುದಲ್ಲ, ಬಲಕ್ಕೆ ಸೋಲುವುದು. 30 ಕೆ.ಜಿ.ಯನ್ನು ನಾಲ್ಕು ಸಲ ಎತ್ತಬಲ್ಲವರು 120 ಕೆ.ಜಿ.ಯನ್ನು ಒಂದು ಸಲವೂ ಎತ್ತಲಾರರು.

ತೊಲೆಗೆ ಕಟ್ಟಿದ ಒಂಟಿ ರಾಟೆ ಭಾರವನ್ನು ಒಂದು ಚೂರೂ ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ತಿರುಗಿಸುತ್ತದೆ. ಘರ್ಷಣೆ ಸೇರಿ 133 ಕೆ.ಜಿ. ಬಲ ಬೇಕು. 65 ಕೆ.ಜಿ.ಯ ಮನುಷ್ಯ ಹಗ್ಗಕ್ಕೆ ಜೋತುಬಿದ್ದರೂ ತಾನೇ ನೇತಾಡುತ್ತಾನೆ, ಎಂಜಿನ್ ಕದಲುವುದಿಲ್ಲ. ತೊಲೆಯ ಮೇಲೆ ಬೀಳುವ ಹೊರೆಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂಟಿ ರಾಟೆಯಲ್ಲಿ ತೊಲೆ ಹೊರುವುದು 120 ಅಲ್ಲ, ನೀವು ಎಳೆಯುವ 133 ಕೂಡ ಸೇರಿ 253. ಈಗಿನ ನಿಮ್ಮ ಕಟ್ಟಿನಲ್ಲಿ 190. ಆ ತೊಲೆ ಅದನ್ನು ತಡೆಯುತ್ತದೆಯೇ ಅಂತ ಮೊದಲು ನೋಡಿ.

ಇನ್ನು ರಾಟೆ ಹೆಚ್ಚಿಸುವ ಮಾತು. ಪ್ರತಿ ರಾಟೆಗೂ 10ರಲ್ಲಿ 1 ಪಾಲು ಹೋಗುತ್ತದೆ ಅಂದರೆ:

2 ಸಾಲು: ಪುಸ್ತಕದಲ್ಲಿ 60, ಕೈಗೆ 70
4 ಸಾಲು: ಪುಸ್ತಕದಲ್ಲಿ 30, ಕೈಗೆ 39
6 ಸಾಲು: ಪುಸ್ತಕದಲ್ಲಿ 20, ಕೈಗೆ 28 ಚಿಲ್ಲರೆ

ಎರಡರಿಂದ ನಾಲ್ಕಕ್ಕೆ ಹೋದರೆ 31 ಕೆ.ಜಿ. ಉಳಿತಾಯ. ನಾಲ್ಕರಿಂದ ಆರಕ್ಕೆ ಬರೀ 10, ಹಗ್ಗ ಮಾತ್ರ ಇನ್ನೂ 2 ಮೀಟರ್ ಹೆಚ್ಚು. ಬುಷ್ ರಾಟೆಯಲ್ಲಿ ನಾಲ್ಕಕ್ಕೆ ನಿಲ್ಲಿಸುವುದು ಜಾಣತನ. ರಾಟೆಯ ಅಗಲವನ್ನೂ ನೋಡಿ. 12 ಮಿ.ಮೀ. ಹಗ್ಗಕ್ಕೆ ಕನಿಷ್ಠ 100 ಮಿ.ಮೀ. ವ್ಯಾಸದ ಗಾಲಿ ಇರಲಿ. ಪುಟ್ಟ ಗಾಲಿಯ ಮೇಲೆ ಹಗ್ಗ ತೀರಾ ಬಗ್ಗಿ, ಎಳೆಗಳು ಒಂದಕ್ಕೊಂದು ಉಜ್ಜಿ, ಬಲವೂ ಹೋಗುತ್ತದೆ, ಹಗ್ಗವೂ ಹೋಗುತ್ತದೆ.

---

ಇಳಿಜಾರು

ಮೇಲಿನ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಈ ಕೆಲಸಕ್ಕೆ ತೂಗುಹಾಕುವುದೇ ಬೇಡ ಅಂತ ನನ್ನ ಅಭಿಪ್ರಾಯ. ಗಾಳಿಯಲ್ಲಿ ನೇತಾಡುವ 120 ಕೆ.ಜಿ.ಯನ್ನು ಒಬ್ಬರು ಹಗ್ಗದಲ್ಲಿ ಹಿಡಿದಿಟ್ಟು ಇನ್ನೊಬ್ಬರು ಕಟ್ಟೆಯ ಮೇಲಕ್ಕೆ ಪಕ್ಕಕ್ಕೆ ತಳ್ಳಬೇಕು. ಅಪಾಯ ಇರುವುದು ಎತ್ತುವಾಗಲ್ಲ, ಆ ತಳ್ಳುವಾಗ. ಹಗ್ಗ ಓರೆಯಾದ ಕೂಡಲೇ ಭಾರ ತೂಗಾಡಲು ಶುರು.

3 ಮೀಟರ್ ಹಲಗೆ, 1 ಮೀಟರ್ ಎತ್ತರ. ಘರ್ಷಣೆ ಇಲ್ಲದಿದ್ದರೆ 120ರ ಮೂರನೇ ಒಂದು ಭಾಗ, 40 ಕೆ.ಜಿ. ಬಲ ಸಾಕು. ಆದರೆ ಮರದ ಮೇಲೆ ಮರ ಜಾರಿಸಿದರೆ ಘರ್ಷಣೆಗೇ ಇನ್ನೊಂದು 45 ಬೇಕು. ಒಟ್ಟು 85, ನಿಮ್ಮ ರಾಟೆಗಿಂತಲೂ ಕಡೆ. ಇಳಿಜಾರು ಪ್ರಯೋಜನವಿಲ್ಲ ಅಂತ ಜನ ಕೈಬಿಡುವುದು ಇಲ್ಲಿಯೇ. ಅದೇ ಹಲಗೆಯ ಮೇಲೆ ಪೈಪ್ ತುಂಡುಗಳನ್ನು ಉರುಳೆಯಾಗಿ ಹಾಕಿ. ಘರ್ಷಣೆ 6ರ ಸುತ್ತಮುತ್ತ ಇಳಿದು ಒಟ್ಟು 46ಕ್ಕೆ ಬರುತ್ತದೆ.

ಈಗ ನಿಮ್ಮ ಒಂದು ರಾಟೆಯನ್ನು ಎಂಜಿನ್ನಿಗೆ ಕಟ್ಟಿ. ಹಗ್ಗದ ಒಂದು ತುದಿ ಕಟ್ಟೆಯ ಆಚೆಗಿನ ಗಟ್ಟಿ ಗೂಟಕ್ಕೆ. ಹಗ್ಗ ರಾಟೆಯನ್ನು ಸುತ್ತಿ ಮತ್ತೆ ಮೇಲಕ್ಕೆ ಬರಲಿ. ಒಬ್ಬರು ಕಟ್ಟೆಯ ಮೇಲೆ ನಿಂತು ಎಳೆಯಲಿ. ದಿಕ್ಕು ತಿರುಗಿಸುವ ರಾಟೆ ಇಲ್ಲದ್ದರಿಂದ ಅದರ ನಷ್ಟವೂ ಇಲ್ಲ. ಕೈಗೆ ಬರುವುದು ಸುಮಾರು 24 ಕೆ.ಜಿ., ಗೂಟದ ಮೇಲೆ 22. ತೊಲೆಯ ಗೊಡವೆಯೇ ಬೇಡ. ಎಳೆಯಬೇಕಾದ ಹಗ್ಗ 6 ಮೀಟರ್, ಒಟ್ಟು 9 ಮೀಟರ್ ಇಟ್ಟುಕೊಳ್ಳಿ.

ಉರುಳೆ ಹಾಕುವ ಕ್ರಮ:

1. ಎಂಜಿನ್ನನ್ನು ಚಪ್ಪಟೆ ತಳವಿರುವ ಮರದ ಚೌಕಟ್ಟಿಗೆ ಬೋಲ್ಟ್ ಮಾಡಿ. ಎಂಜಿನ್ನಿನ ಕಾಲುಗಳು ನೇರವಾಗಿ ಪೈಪ್ ಮೇಲೆ ಕೂತರೆ ಪೈಪ್‌ಗಳ ನಡುವೆ ಬಿದ್ದು ಸಿಕ್ಕಿಕೊಳ್ಳುತ್ತವೆ.
2. 40ರಿಂದ 50 ಮಿ.ಮೀ. ವ್ಯಾಸದ, ಒಂದೇ ಅಳತೆಯ 5 ಪೈಪ್. ಅಳತೆ ಬೇರೆಯಾದರೆ ದಪ್ಪನೆಯದೇ ಭಾರವೆಲ್ಲ ಹೊರುತ್ತದೆ. ಚೌಕಟ್ಟಿನ ಎರಡೂ ಬದಿಗೆ 15 ಸೆಂ.ಮೀ. ಹೊರಚಾಚಲಿ, ಇಲ್ಲದಿದ್ದರೆ ಸರಿಪಡಿಸುವಾಗ ಬೆರಳು ಒಳಗೆ ಹೋಗುತ್ತದೆ.
3. ಯಾವಾಗಲೂ ಕನಿಷ್ಠ 3 ಪೈಪ್ ಅಡಿಯಲ್ಲಿರಬೇಕು. ಭಾರ 1 ಮೀಟರ್ ಮುಂದೆ ಹೋದಾಗ ಪೈಪ್ ಹೋಗುವುದು ಅರ್ಧ ಮೀಟರ್ ಮಾತ್ರ. ಹಾಗಾಗಿ ಹಿಂದಿನದು ಒಂದೊಂದಾಗಿ ಹೊರಬೀಳುತ್ತದೆ, ಅದನ್ನೇ ತಂದು ಮುಂದೆ ಹಾಕುತ್ತಿರಬೇಕು.
4. ಎರಡನೆಯವರ ಮುಖ್ಯ ಕೆಲಸ ತಳ್ಳುವುದಲ್ಲ, ಹಿಂದೆ ಬೆಣೆ ಒತ್ತುತ್ತಾ ಬರುವುದು. ಪಕ್ಕದಲ್ಲಿ ನಿಂತು, ಉದ್ದ ಹಿಡಿಯ ಬೆಣೆಯಿಂದ. ಭಾರದ ಕೆಳಗಿನ ದಾರಿಯಲ್ಲಿ ಯಾರೂ ನಿಲ್ಲಬಾರದು.

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರಿ ಹಲಗೆಯ ಮೇಲೆ ಬಿಟ್ಟರೆ ಆ 45 ಕೆ.ಜಿ. ಘರ್ಷಣೆ ಎಂಜಿನ್ನನ್ನು ಇದ್ದಲ್ಲೇ ನಿಲ್ಲಿಸುತ್ತದೆ, ಏಕೆಂದರೆ ಕೆಳಕ್ಕೆ ಎಳೆಯುವುದು ಅದಕ್ಕಿಂತ ಕಡಿಮೆ, 40. ಉರುಳೆ ಹಾಕಿದ ಕ್ಷಣದಿಂದ ಹಿಡಿಯುವವರು ನೀವೇ.

---

ಗಟ್ಟಿಹಗ್ಗ

ಇದು ಹೊಳೆದಿರಲಿಲ್ಲ. ನನ್ನ ಹಲಗೆ 25 ಮಿ.ಮೀ. ದಪ್ಪ, 23 ಸೆಂ.ಮೀ. ಅಗಲ. ಸಾಕಾಗುತ್ತದೆಯೇ? ಒಂದರ ಮೇಲೊಂದು ಇಟ್ಟರೆ 50 ಆಗುತ್ತದಲ್ಲ?

---

ಇಳಿಜಾರು

ಆಗುವುದಿಲ್ಲ. ಬರೀ ಪೇರಿಸಿಟ್ಟ ಹಲಗೆಗಳು ಬಗ್ಗುವಾಗ ಒಂದರ ಮೇಲೊಂದು ಜಾರುತ್ತವೆ, ಒಂದು ಹಲಗೆಯ ಎರಡರಷ್ಟು ಬಲವಷ್ಟೇ ಸಿಗುತ್ತದೆ. ಇಡಿಯಾದ 50 ಮಿ.ಮೀ. ಹಲಗೆಯ ಬಲ 25ರದ್ದಕ್ಕಿಂತ ನಾಲ್ಕು ಪಟ್ಟು, ಬಾಗುವುದು ಎಂಟನೇ ಒಂದು ಭಾಗ. ದಪ್ಪದ ವಿಷಯದಲ್ಲಿ ಮರ ಹೀಗೆಯೇ.

ಇರುವ ಹಲಗೆಯನ್ನೇ ಬಳಸುವುದಾದರೆ ಎರಡನ್ನೂ ಪಕ್ಕಪಕ್ಕ ಹಾಕಿ, 1 ಮೀಟರಿಗೊಂದರಂತೆ ನಡುವೆ ಎರಡು ಕಡೆ ಆಸರೆ ಕೊಡಿ. ಆಸರೆ ಎರಡೂ ಹಲಗೆಗೆ ತಾಗಿರಬೇಕು. ಗಂಟು, ಬಿರುಕು ಇರುವ ಮುಖ ಮೇಲಕ್ಕೆ ಬರಲಿ. ಕೆಳತುದಿ ಹಿಂದಕ್ಕೆ ಸರಿಯದಂತೆ ನೆಲದಲ್ಲಿ ತಡೆ, ಮೇಲ್ತುದಿ ಕಟ್ಟೆಯಿಂದ ಕಳಚದಂತೆ ಅಡಿಗೆ ಒಂದು ಪಟ್ಟಿ ಬಡಿಯಿರಿ.

---

ಹಾರೆಕೋಲು

ಮೊದಲು ಎಂಜಿನ್ ಚೌಕಟ್ಟಿನ ಮೇಲೆ ಹೋಗಬೇಕಲ್ಲ, ಅದನ್ನು ಯಾರೂ ಹೇಳಲಿಲ್ಲ. ಅದಕ್ಕೆ ಹಾರೆ.

ಒಂದೂವರೆ ಮೀಟರ್ ಹಾರೆಯ ತುದಿಯಿಂದ 10 ಸೆಂ.ಮೀ. ದೂರದಲ್ಲಿ ಆಧಾರ ಇಟ್ಟರೆ ಈಚೆಗೆ 140 ಸೆಂ.ಮೀ. ಉಳಿಯುತ್ತದೆ, ಅಂದರೆ 14 ಪಟ್ಟು. ಒಂದು ಬದಿಯನ್ನು ಮಾತ್ರ ಎತ್ತುವಾಗ ಬರುವ ಹೊರೆ ಅರ್ಧ, 60 ಕೆ.ಜಿ. ಕೈಗೆ 5 ಕೆ.ಜಿ.ಗಿಂತ ಕಡಿಮೆ. ಆದರೆ ಕೈ 70 ಸೆಂ.ಮೀ. ಇಳಿದರೆ ಎಂಜಿನ್ ಏಳುವುದು 5 ಸೆಂ.ಮೀ. ಎದ್ದಷ್ಟಕ್ಕೆ ಮರದ ತುಂಡು ಕೊಟ್ಟು ಇನ್ನೊಂದು ಬದಿಗೆ ಹೋಗಬೇಕು. ಹೀಗೇ ಕಟ್ಟೆಯ ಎತ್ತರಕ್ಕೂ ಹೋಗಬಹುದು: 1 ಮೀಟರಿಗೆ ಬದಿಗೆ 20ರಂತೆ 40 ಸಲ, ತುಂಡುಗಳನ್ನು ಅಡ್ಡ-ಉದ್ದ ಪೇರಿಸುತ್ತಾ. ಬೇರೇನೂ ಇಲ್ಲದಿದ್ದರೆ ಮಾತ್ರ.

ಹಾರೆ ಕೈಕೊಡುವುದು ಆಧಾರದಲ್ಲಿ. ಭಾರ ಮತ್ತು ನಿಮ್ಮ ಒತ್ತು ಎರಡೂ ಅದರ ಮೇಲೇ. ಮೆತ್ತನೆ ನೆಲದಲ್ಲಿ ಅದು ಹೂತುಹೋಗುತ್ತದೆ, ಅಡಿಗೆ ಅಗಲ ಹಲಗೆ ಹಾಕಿ. ದುಂಡು ಕಲ್ಲು ಬೇಡ, ಹೊರಳುತ್ತದೆ. ಹಾರೆಯ ಎರಡೂ ಕಡೆ ಕಾಲಿಟ್ಟು ಸವಾರಿ ಮಾಡಿದಂತೆ ನಿಲ್ಲಬೇಡಿ. ತುದಿ ಜಾರಿದರೆ ಹಿಡಿ ಮೇಲಕ್ಕೆ ಹೊಡೆಯುತ್ತದೆ.

ಕಟ್ಟೆಯ ಮೇಲೆ ಸಮಮಟ್ಟ ಮಾಡಲು ಬೆಣೆ ಜೋಡಿ ಬಳಸಿ. 8ಕ್ಕೆ 1ರಂತೆ ಚೂಪಾದ ಎರಡು ಬೆಣೆಗಳನ್ನು ಎದುರುಬದುರು ಇಟ್ಟು ಒಂದನ್ನು 8 ಮಿ.ಮೀ. ಬಡಿದರೆ ಎಂಜಿನ್ 1 ಮಿ.ಮೀ. ಏಳುತ್ತದೆ. ಬಡಿತ ನಿಂತ ಮೇಲೂ ಹಿಂದೆ ಜಾರುವುದಿಲ್ಲ, ಘರ್ಷಣೆ ಹಿಡಿದಿರುತ್ತದೆ.

---

ಕಪ್ಪಿಗಾಲಿ

ಆ ಕೊನೆಯ ಮಾತಿಗೆ ಒಂದು ಸೇರ್ಪಡೆ. ದಕ್ಷತೆ, ಅಂದರೆ ನಾವು ಹಾಕಿದ ಕೆಲಸದಲ್ಲಿ ಹೊರೆಗೆ ಸೇರುವ ಪಾಲು, ಅರ್ಧಕ್ಕಿಂತ ಕಡಿಮೆ ಇರುವ ಎತ್ತುವ ಸಾಧನ ಸಾಮಾನ್ಯವಾಗಿ ತಾನಾಗಿ ಹಿಂದಿರುಗುವುದಿಲ್ಲ. ಸ್ಕ್ರೂ ಜಾಕ್ ನೋಡಿ. 5 ಮಿ.ಮೀ. ಪಿಚ್ (ಒಂದು ಸುತ್ತಿಗೆ ಏರುವ ಎತ್ತರ), 30 ಸೆಂ.ಮೀ. ಹಿಡಿ ಇದ್ದರೆ ಕಾಗದದ ಮೇಲೆ 377 ಪಟ್ಟು. ದಕ್ಷತೆ 20% ಅಂದುಕೊಂಡರೆ ಕೈಗೆ ಸಿಗುವುದು 75 ಪಟ್ಟು. ಐದರಲ್ಲಿ ನಾಲ್ಕು ಪಾಲು ಘರ್ಷಣೆಗೆ ಹೋಯಿತು ಅಂತ ಬೇಸರ ಬೇಡ. ಹಿಡಿ ಬಿಟ್ಟರೂ ಹೊರೆ ನಿಲ್ಲುವುದು ಆ ಪಾಲಿನಿಂದಲೇ. ಒಳ್ಳೆಯ ರಾಟೆ ಇದಕ್ಕೆ ತದ್ವಿರುದ್ಧ: ಚೆನ್ನಾಗಿದ್ದಷ್ಟೂ ಬೇಗ ಕೆಳಗೆ ಬೀಳಿಸುತ್ತದೆ.

ಹಾಗಾಗಿ ಇಳಿಜಾರು ಹೇಳಿದ ಕಟ್ಟಿನಲ್ಲಿ ಎಳೆಯುವವರ ಹಗ್ಗ ಕಟ್ಟೆಯ ಮೇಲಿನ ಇನ್ನೊಂದು ಗಟ್ಟಿ ಗೂಟಕ್ಕೆ ಎರಡು ಸುತ್ತು ಹಾಕಿಕೊಂಡು ಬರಲಿ. ಆದರೆ ಸುತ್ತಿದ ಹಗ್ಗವನ್ನೇ ಎಳೆಯಲು ಹೋಗಬೇಡಿ, ಗೂಟದ ಘರ್ಷಣೆ ಎಲ್ಲವನ್ನೂ ನುಂಗುತ್ತದೆ. ಗೂಟಕ್ಕೂ ರಾಟೆಗೂ ನಡುವಿನ ಹಗ್ಗವನ್ನು ಹಿಡಿದು ಎಳೆದು, ಸಡಿಲವಾದಷ್ಟನ್ನು ಗೂಟದಿಂದ ಸೆಳೆದುಕೊಳ್ಳುತ್ತಾ ಹೋಗಿ. ಪೈಪ್ ಬದಲಿಸುವಾಗ ಎರಡು ಬೆರಳಲ್ಲಿ ಹಿಡಿದರೂ ನಿಲ್ಲುತ್ತದೆ.

---

ಗಟ್ಟಿಹಗ್ಗ

ಇಳಿಜಾರು ಕಟ್ಟನ್ನೇ ಹಾಕುತ್ತೇನೆ. ಕೊನೆಯದೊಂದು: ಪೈಪ್ ಮೇಲೆ ಹೋಗುವಾಗ ಭಾರ ಪಕ್ಕಕ್ಕೆ ವಾಲಿದರೆ?

---

ಇಳಿಜಾರು

ಪೈಪ್ ಹಲಗೆಗೆ ಸರಿಯಾಗಿ ಅಡ್ಡಲಾಗಿ ಕೂರದಿದ್ದಾಗ ಹಾಗಾಗುತ್ತದೆ. ಭಾರ ಬಲಕ್ಕೆ ಎಳೆಯುತ್ತಿದ್ದರೆ ಮುಂದಿನ ಪೈಪಿನ ಎಡತುದಿಯನ್ನು ಸುತ್ತಿಗೆಯಿಂದ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ತಟ್ಟಿದರೆ ದಾರಿ ಇನ್ನೂ ಬಲಕ್ಕೆ ಹೋಗುತ್ತದೆ. ಬಲತುದಿಯನ್ನು ಮುಂದಕ್ಕೆ ತಟ್ಟಿದರೆ ಎಡಕ್ಕೆ ತಿರುಗುತ್ತದೆ. ತಟ್ಟಬೇಕಾದದ್ದು ಬಲತುದಿಯನ್ನು. ಹಗ್ಗ ಬಿಗಿಯಾಗಿ ಗೂಟದಲ್ಲಿ ನಿಂತು, ಬೆಣೆ ಕೊಟ್ಟ ಮೇಲೆ ಮಾತ್ರ, ಅದೂ ಸುತ್ತಿಗೆಯಿಂದಲೇ, ಕೈಯಿಂದ ಅಲ್ಲ.