1958ರ ಎನ್‌ಎಫ್‌ಎಲ್ ಪಟ್ಟಿ: ಸ್ಟೀಲರ್ಸ್ ಲೆಕ್ಕ ತಾಳೆ ಆಗ್ತಿಲ್ಲ

ಬೆಣ್ಣೆದೋಸೆ_ದಾವಣಗೆರೆ:
ನಮ್ಮೂರ ಕ್ವಿಜ್‌ಗೆ ಅಂತ 1958ರ ಅಮೆರಿಕನ್ ಫುಟ್‌ಬಾಲ್ ಸೀಸನ್ ಪಟ್ಟಿ ಎಕ್ಸೆಲ್‌ನಲ್ಲಿ ಕೂರಿಸ್ತಾ ಇದೀವಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ 7 ಗೆಲುವು, 4 ಸೋಲು, 1 ಟೈ. ಟೈಗೆ ಅರ್ಧ ಗೆಲುವು ಹಿಡಿದ್ರೆ .625 ಬರುತ್ತೆ, ಹಳೇ ಪಟ್ಟೀಲಿ .636 ಇದೆ. ಇನ್ನೊಂದು, ಫೈನಲ್‌ನಲ್ಲಿ ಕೋಲ್ಟ್ಸ್ ಜೈಂಟ್ಸ್‌ನ ಸೋಲಿಸಿದ್ದು 23-17 ಹೇಗೆ? 17-17 ಇದ್ದಾಗ ಟಚ್‌ಡೌನ್ (ಚೆಂಡನ್ನ ಎದುರಾಳಿ ಗೋಲ್ ಲೈನ್ ದಾಟಿಸೋದು, 6 ಅಂಕ) ಬಿದ್ರೆ, ಆಮೇಲೆ ಒದ್ದು ಗಳಿಸೋ 1 ಎಕ್ಸ್‌ಟ್ರಾ ಪಾಯಿಂಟ್ ಸೇರಿ 24 ಆಗ್ಬೇಕಲ್ವಾ?

ಕೋಟೆನಾಡು_58:
ಅರ್ಧ ಗೆಲುವಿನ ಲೆಕ್ಕ ಬಂದಿದ್ದೇ 1972ರಲ್ಲಿ. ಅದಕ್ಕೂ ಮುಂಚೆ ಟೈ ಆದ ಪಂದ್ಯ ಲೆಕ್ಕಕ್ಕೇ ಇಲ್ಲ. 7ನ್ನ 11ರಿಂದ ಭಾಗಿಸಿ, .636 ಸಿಗುತ್ತೆ. ಡೆಟ್ರಾಯಿಟ್ ಲಯನ್ಸ್ (4-7-1) .364, ಗ್ರೀನ್ ಬೇ ಪ್ಯಾಕರ್ಸ್ (1-10-1) .091. ಸೂತ್ರದಲ್ಲಿ ಕೆಳಗಡೆ ಗೆಲುವು ಪ್ಲಸ್ ಸೋಲು ಅಷ್ಟೇ ಇರ್ಲಿ, 12 ಅಂತ ಬರೀಬೇಡಿ.

9-3 ಅಂತ ಒಂದೇ ಸೆಲ್‌ನಲ್ಲಿ ಟೈಪ್ ಮಾಡಿದ್ರೆ ಎಕ್ಸೆಲ್ ಅದನ್ನ ಮಾರ್ಚ್ 9 ಮಾಡಿಬಿಡುತ್ತೆ. ಗೆಲುವು, ಸೋಲು, ಟೈ ಮೂರಕ್ಕೂ ಬೇರೆ ಬೇರೆ ಕಾಲಂ ಕೊಡಿ. ಕೊನೇಲಿ ಕೂಡಿಸಿ ನೋಡಿ: 12 ತಂಡ, ತಲಾ 12 ಪಂದ್ಯ, ಅಂದ್ರೆ ಒಟ್ಟು 72. ಗೆಲುವು 69, ಸೋಲು 69, ಟೈ ಕಾಲಂ 6 ಬರ್ಬೇಕು. ಮೂರು ಟೈ ಪಂದ್ಯ ಎರಡೆರಡು ಸಲ ಎಣಿಕೆ ಆಗಿರುತ್ತಲ್ಲ, ಅದಕ್ಕೆ 6. ಬರದಿದ್ರೆ ಎಲ್ಲೋ ಒಂದು ಸಾಲು ತಪ್ಪಿದೆ.

ಜೈಂಟ್ಸ್‌ಗೆ 10-3 ಬರ್ದಿದ್ರೆ ಅದೇ ತಪ್ಪು. ಪೂರ್ವ ವಿಭಾಗದಲ್ಲಿ ಜೈಂಟ್ಸ್, ಬ್ರೌನ್ಸ್ ಇಬ್ರೂ 9-3. ಸಮ ಆಗಿದ್ದಕ್ಕೆ ಇಬ್ರ ನಡುವೆ ಡಿಸೆಂಬರ್ 21ರಂದು ಆಡಿಸಿದ ಪ್ಲೇಆಫ್‌ನಲ್ಲಿ ಜೈಂಟ್ಸ್ 10-0 ಸ್ಕೋರಲ್ಲಿ ಗೆದ್ದಿದ್ದು ಪಟ್ಟಿಗೆ ಸೇರಲ್ಲ. ಬ್ರೌನ್ಸ್ ಆಟಗಾರ ಜಿಮ್ ಬ್ರೌನ್ ಚೆಂಡು ಹಿಡಿದು ಓಡಿದ 1,527 ಗಜವೂ ಆ 12 ಪಂದ್ಯಗಳದ್ದೇ. ಪ್ಲೇಆಫ್‌ನಲ್ಲಿ ಅವನಿಗೆ ಸಿಕ್ಕಿದ್ದು ಬರೀ 8.

ಗಜಕಡ್ಡಿ:
ಫೈನಲ್ ಡಿಸೆಂಬರ್ 28, ಯಾಂಕೀ ಸ್ಟೇಡಿಯಂ. ಓವರ್‌ಟೈಮ್ ಸಡನ್ ಡೆತ್, ಮೊದಲು ಅಂಕ ಗಳಿಸಿದವರಿಗೇ ಪಂದ್ಯ. 8 ನಿಮಿಷ 15 ಸೆಕೆಂಡಿಗೆ ಕೋಲ್ಟ್ಸ್‌ನ ಅಲನ್ ಅಮೀಚಿ 1 ಗಜದಿಂದ ನುಗ್ಗಿದ, 6 ಅಂಕ ಬಂತು, ಆಟ ಅಲ್ಲಿಗೇ ಮುಗೀತು. ಎಕ್ಸ್‌ಟ್ರಾ ಪಾಯಿಂಟ್ ಒದೆಯೋ ಪ್ರಶ್ನೆಯೇ ಇಲ್ಲ. ಹಂಗಾಗಿ 23. ಲೀಗ್ ಪಂದ್ಯಗಳಿಗೆ ಆಗ ಓವರ್‌ಟೈಮೇ ಇರ್ಲಿಲ್ಲ, ನಿಮ್ಮ ಪಟ್ಟೀಲಿರೋ ಟೈಗಳು ಹುಟ್ಟಿದ್ದು ಅದ್ರಿಂದ.

ಬೆಣ್ಣೆದೋಸೆ_ದಾವಣಗೆರೆ:
69-69-6 ಕೂತ್ಕೊಂತು, ಥ್ಯಾಂಕ್ಸ್. ಫೈನಲ್‌ನಲ್ಲಿ 7 ಸೆಕೆಂಡ್ ಬಾಕಿ ಇದ್ದಾಗ ಕೋಲ್ಟ್ಸ್‌ನ ಸ್ಟೀವ್ ಮೈರಾ ಒದ್ದು 17-17 ಸಮ ಮಾಡಿದ ಫೀಲ್ಡ್ ಗೋಲ್ (ಚೆಂಡನ್ನ ಗೋಲ್ ಕಂಬಗಳ ನಡುವೆ ಒದೆಯೋದು, 3 ಅಂಕ) 20 ಗಜ ಅಂತಾರೆ. ಅಷ್ಟು ಹತ್ರಾನಾ?

ಗಜಕಡ್ಡಿ:
ಹೌದು, ಕ್ರಿಕೆಟ್ ಪಿಚ್‌ಗಿಂತ ಎರಡು ಗಜ ಕಮ್ಮಿ! ಆದ್ರೆ ಇವತ್ತಿನ ಅಳತೆ ಜೊತೆ ಹೋಲಿಸ್ಬೇಡಿ. 1973ರ ಸೀಸನ್‌ವರೆಗೂ ಗೋಲ್ ಕಂಬ ಗೋಲ್ ಲೈನ್ ಮೇಲೇ ಇತ್ತು, 1974ರಲ್ಲಿ 10 ಗಜ ಹಿಂದಕ್ಕೆ ಹೋಯ್ತು. ಚೆಂಡು ಗೋಲ್ ಲೈನ್‌ನಿಂದ 13 ಗಜ ದೂರದ ಗೆರೆಯಲ್ಲಿತ್ತು, 7 ಗಜ ಹಿಂದೆ ಹಿಡಿದು ಒದ್ರು, ಅಂದ್ರೆ 20. ಅದೇ ಜಾಗದಿಂದ ಈಗ ಒದ್ರೆ 30 ಅಂತ ಬರೀತಾರೆ. ಪ್ರಶ್ನೆ ಕೇಳೋ ಹಾಗಿದ್ರೆ ಇದನ್ನ ಕೇಳಿ, ಸ್ಕೋರ್ ಎಲ್ಲರಿಗೂ ಗೊತ್ತಿರುತ್ತೆ.

ಕೋಟೆನಾಡು_58:
ಬೋನಸ್ ಪ್ರಶ್ನೆ: ಆ ಫೈನಲ್ ನಡೆದಾಗ ದಾವಣಗೆರೆ ಯಾವ ಜಿಲ್ಲೇಲಿತ್ತು? ಉತ್ತರ ಚಿತ್ರದುರ್ಗ. 1997ರವರೆಗೂ ನೀವು ನಮ್ಮೋರೇ!