ಟಾಕ್ಸೊ ಐಜಿಜಿ ಪಾಸಿಟಿವ್ ಬಂದಿದೆ, ಅನುಭವ ಇದ್ದವರು ಹೇಳಿ

ಕೇಳಿದವರು: ನನಗೀಗ ಮೂರನೇ ತಿಂಗಳು. ಗರ್ಭಿಣಿಯರಿಗೆ ಸೋಂಕುಗಳಿಗಾಗಿ ಮಾಡುವ ಟಾರ್ಚ್ ರಕ್ತ ಟೆಸ್ಟ್‌ನಲ್ಲಿ ಟಾಕ್ಸೊಪ್ಲಾಸ್ಮಾ (ಸೋಂಕು ತರುವ ಒಂದು ಪರಾವಲಂಬಿ ಜೀವಿ) ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಎಂದು ಬಂದಿದೆ. ಡಾಕ್ಟರ್ ಸಿಗುವುದು ಮುಂದಿನ ವಾರ. ಮನೆಯಲ್ಲಿ ಬೆಕ್ಕಿದೆ, ಅದನ್ನು ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಿದ್ದಾರೆ. ಮಗುವಿಗೆ ತೊಂದರೆ ಆಗುತ್ತದಾ?

ಎರಡು ಮಕ್ಕಳ ತಾಯಿ: ಮೊದಲು ಸಮಾಧಾನವಾಗಿ ಕೂತುಕೊಳ್ಳಿ. ನನ್ನದೂ ಇದೇ ರಿಪೋರ್ಟ್ ಆಗಿತ್ತು, ಎರಡೂ ಸಲ. ಇವೆರಡೂ ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು. ಐಜಿಜಿ ಇದೆ, ಐಜಿಎಂ ಇಲ್ಲ ಅಂದರೆ ಸೋಂಕು ಎಂದೋ ಬಂದು ಹೋಗಿದೆ, ಮೈಯಲ್ಲಿ ಅದರ ವಿರುದ್ಧ ಶಕ್ತಿ ಇದೆ ಎಂದರ್ಥ. ಹೆಚ್ಚಿನವರಿಗೆ ಬಂದದ್ದೇ ಗೊತ್ತಾಗಿರುವುದಿಲ್ಲ, ಸಣ್ಣ ಜ್ವರ, ಕುತ್ತಿಗೆಯಲ್ಲಿ ಗಂಟು, ಅಷ್ಟೇ. ಪರಾವಲಂಬಿ ಜೀವಿ ಮೈಯಲ್ಲೇ ಸುಮ್ನೆ ಮಲಗಿರುತ್ತದೆ, ಆದರೆ ಮಗುವಿನ ತನಕ ಹೋಗುವುದು ಬಹಳ ಅಪರೂಪ. ಎಚ್‌ಐವಿ ಇದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮಾತ್ರ ಲೆಕ್ಕ ಬೇರೆ. ಅದನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವಳು: ಮೇಲಿನವರು ಹೇಳಿದ್ದು ಸರಿ. ಐಜಿಜಿ ಸಂಖ್ಯೆ ದೊಡ್ಡದಿದೆ ಎಂದು ಅಳುತ್ತಾ ಬರುವವರನ್ನು ನೋಡುತ್ತಲೇ ಇರುತ್ತೇನೆ, ಬರೀ ಆ ಒಂದು ಸಂಖ್ಯೆಯಿಂದ ಸೋಂಕು ಹೊಸದಾ ಹಳೆಯದಾ ಎಂದು ಹೇಳಲಿಕ್ಕೆ ಆಗುವುದಿಲ್ಲ. ಐಜಿಎಂ ಪಾಸಿಟಿವ್ ಬಂದವರಿಗೂ ಒಂದು ಮಾತು: ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ರಕ್ತದಲ್ಲಿ ಉಳಿಯುತ್ತದೆ, ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಆಗ ಐಜಿಜಿ ಅವಿಡಿಟಿ ಟೆಸ್ಟ್ ಮಾಡಿಸಿ, ಐಜಿಜಿ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದು ನೋಡುವ ಟೆಸ್ಟ್ ಅದು. ಅವಿಡಿಟಿ ಹೆಚ್ಚಿದ್ದರೆ ಕಳೆದ ಮೂರು-ನಾಲ್ಕು ತಿಂಗಳಲ್ಲಿ ಬಂದ ಸೋಂಕಲ್ಲ. ಕಡಿಮೆ ಇದ್ದರೆ ಹೊಸದೇ ಎಂದು ಮಾತ್ರ ತಿಳಿಯಬೇಡಿ, ಅದು ಬಹಳ ಕಾಲ ಕಡಿಮೆಯೇ ಇರಬಹುದು. ಹೆಚ್ಚಿನ ಅವಿಡಿಟಿ ಹೇಳುವುದು ಕಳೆದ ಮೂರು-ನಾಲ್ಕು ತಿಂಗಳ ಮಾತು ಮಾತ್ರ, ಆದ್ದರಿಂದಲೇ ಈ ಟೆಸ್ಟ್ ಮೊದಲ ತಿಂಗಳುಗಳಲ್ಲೇ ಮಾಡಿಸಿದರೆ ಉಪಯೋಗ ಜಾಸ್ತಿ. ಒಂದೇ ಐಜಿಎಂ ರಿಪೋರ್ಟ್ ಹಿಡಿದು ಗರ್ಭ ತೆಗೆಸುವ ಮಾತಾಡುವುದು ಅನ್ಯಾಯ.

ನಿಜವಾಗಿ ಸೋಂಕು ಆದವಳು: ಶುರುವಿನಲ್ಲಿ ನನಗೆ ಐಜಿಜಿ, ಐಜಿಎಂ ಎರಡೂ ನೆಗೆಟಿವ್ ಇತ್ತು, ಆಮೇಲಿನ ಟೆಸ್ಟ್‌ನಲ್ಲಿ ಎರಡೂ ಪಾಸಿಟಿವ್. ಸೋಂಕು ಮಗುವಿಗೆ ದಾಟದಿರಲಿ ಎಂದು ಡಾಕ್ಟರ್ ಕೂಡಲೇ ಸ್ಪೈರಾಮೈಸಿನ್ ಔಷಧಿ ಶುರು ಮಾಡಿದರು. 18 ವಾರ ದಾಟಿದ ಮೇಲೆ ಗರ್ಭದ ನೀರು ತೆಗೆದು, ಅದರಲ್ಲಿ ಪರಾವಲಂಬಿ ಜೀವಿಯ ಡಿಎನ್ಎ ಇದೆಯಾ ಎಂದು ನೋಡುವ ಪಿಸಿಆರ್ ಟೆಸ್ಟ್ ಮಾಡಿದರು, ಆ ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನೆಗೆಟಿವ್ ಬಂತು. ಪಾಸಿಟಿವ್ ಆಗಿದ್ದರೆ ಪೈರಿಮೆಥಮಿನ್, ಸಲ್ಫಾಡಯಾಜಿನ್, ಜೊತೆಗೆ ಫೋಲಿನಿಕ್ ಆಸಿಡ್ ಕೊಡುತ್ತಿದ್ದೆವು ಎಂದರು. ಮೊದಲ ತಿಂಗಳುಗಳಲ್ಲಿ ಸೋಂಕಾದರೆ ಮಗುವಿಗೆ ದಾಟುವುದು ಕಡಿಮೆ, ದಾಟಿದರೆ ಏಟು ದೊಡ್ಡದು. ಕೊನೆಯ ತಿಂಗಳುಗಳಲ್ಲಿ ಇದು ಉಲ್ಟಾ, ಸುಲಭವಾಗಿ ದಾಟುತ್ತದೆ, ಆದರೆ ಹುಟ್ಟಿದಾಗ ಮಗು ಹೆಚ್ಚಾಗಿ ಚೆನ್ನಾಗಿಯೇ ಕಾಣುತ್ತದೆ. ಕಣ್ಣಿನ ತೊಂದರೆ ವರ್ಷಗಳ ನಂತರವೂ ಬರಬಹುದಂತೆ, ಹಾಗಾಗಿ ಮಗನ ಕಣ್ಣು ಈಗಲೂ ತೋರಿಸುತ್ತಿದ್ದೇವೆ.

ಬೆಕ್ಕು ಸಾಕಿರುವವಳು: ಪಾಪ, ಎಲ್ಲರಿಗೂ ಮೊದಲು ಕಾಣುವುದು ಬೆಕ್ಕೇ ಅಲ್ವಾ! ಮುಟ್ಟಿದರೆ, ಮುದ್ದು ಮಾಡಿದರೆ ಬರುವ ರೋಗ ಅಲ್ಲ ಇದು. ಬೆಕ್ಕಿಗೆ ಮೊದಲ ಸಲ ಸೋಂಕಾದಾಗ ಒಂದರಿಂದ ಮೂರು ವಾರ ಈ ಪರಾವಲಂಬಿ ಮಲದಲ್ಲಿ ಹೊರಬರುತ್ತದೆ, ಆ ಮಲ ಸೋಂಕು ಅಂಟಿಸುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು. ದಿನಾ ಬೇರೆಯವರು ಬೆಕ್ಕಿನ ಮಲದ ಟ್ರೇ ತೊಳೆದರೆ ಆಯಿತು. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ. ನಮಗೆ ಇದು ಬರುವುದು ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿ, ತೋಟದ ಮಣ್ಣು, ಶುದ್ಧವಲ್ಲದ ನೀರಿನಿಂದಲೂ. ಅಡುಗೆ ಮಾಡುವಾಗ ಅರ್ಧ ಬೆಂದ ಮಾಂಸದ ರುಚಿ ನೋಡುವ ಅಭ್ಯಾಸ ಇದ್ದರೆ ಬಿಡಿ.

ಇನ್ನೊಬ್ಬರು: ನನಗೆ ಎರಡೂ ನೆಗೆಟಿವ್. ನಾನು ಸೇಫ್ ತಾನೇ?

ಲ್ಯಾಬ್‌ನಲ್ಲಿ ಕೆಲಸ ಮಾಡುವವಳು: ಸೋಂಕು ಇಲ್ಲ, ನಿಜ. ಆದರೆ ತಡೆಯುವ ಶಕ್ತಿಯೂ ಇಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ಮೇಲೆ ಬರೆದ ಎಚ್ಚರಿಕೆ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ನಿಮಗೇ. ಮತ್ತೆ ಯಾವಾಗ ಟೆಸ್ಟ್ ಮಾಡಿಸಬೇಕು ಎಂದು ಡಾಕ್ಟರನ್ನು ಕೇಳಿ.